ಐವತ್ತು ಕೆಬಿಯೊಳಗೆ

ವಸೀಮ ಮೊಬೈಲಿನ ಮೇಲೆ ಎರಡು ಬೆರಳು ಅಗಲಿಸಿ ಫೋಟೋದ ಮುಖವನ್ನು ಇನ್ನಷ್ಟು ಹಿಗ್ಗಿಸಿದ. ಮೂಗು ನಾಲ್ಕು ಚೌಕಗಳಾಯಿತು. ಕಣ್ಣಿದ್ದಲ್ಲಿ ಕಂದು ಬಣ್ಣದ ಎರಡು ಇಟ್ಟಿಗೆಗಳು ನಿಂತವು.

"ಇದು ಆಗೂದಿಲ್ಲ ಭಾಬಿ," ಅಂದ. "ಹದಿನೆಂಟು ಕೆಬಿ ಐತಿ. ನಾಕು ಫೂಟಿನ ಫ್ಲೆಕ್ಸಿಗೆ ಹಾಕಿದ್ರ ಮನಶ್ಯಾ ಅಂತನೂ ತಿಳಿಯೂದಿಲ್ಲ. ಬ್ಯಾರೆ ಯಾವುದರ ಐತೇನು?"

ತನುಜಾ ಇಲ್ಲವೆಂದು ತಲೆಯಾಡಿಸಿದಳು.

ಹತ್ತಿಮತ್ತೂರಿನ ಆ ಮನೆಯ ಪಡಸಾಲೆಯಲ್ಲಿ ಅವಳ ಗಂಡ ಪ್ರಶಾಂತನನ್ನು ಗೋಡೆಗೆ ಒರಗಿಸಿ ಕುಳ್ಳಿರಿಸಿದ್ದರು. ಬೆನ್ನು ನೆಟ್ಟಗಿರಲೆಂದು ಎದೆಗೆ ಬಿಳಿ ಪಂಚೆ ಸುತ್ತಿ ಹಿಂದಿನ ಗೂಟಕ್ಕೆ ಕಟ್ಟಿದ್ದರು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಅವನಿಗೆ ಮೂವತ್ತಮೂರು. ನಿನ್ನೆ ಮಧ್ಯಾಹ್ನ ಸವಣೂರಿನ ತನ್ನ ಫೋಟೋ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕುಳಿತ. ಪಕ್ಕದಲ್ಲೇ ಫ್ಲೆಕ್ಸ್ ಅಂಗಡಿ ಇಟ್ಟಿರುವ ವಸೀಮ ಹುಬ್ಬಳ್ಳಿಗೆಂದು ಕಾರಿನಲ್ಲಿ ಕೂರಿಸಿಕೊಂಡು ಹೊರಟ. ತಡಸ ದಾಟುವಷ್ಟರಲ್ಲಿ ಮುಗಿದಿತ್ತು.

"ಊರಾಗ ಯಾರು ಸತ್ರೂ ಬಸ್‌ಸ್ಟ್ಯಾಂಡಿನ್ಯಾಗ ಫೋಟೋ ಬೀಳತೈತಿ," ಅಂದರು ದೊಡ್ಡಪ್ಪ ಉಳವಪ್ಪ. ಬೆಳಗಿನಿಂದ ಎಲ್ಲ ಏರ್ಪಾಟು ಅವರದೇ. "ನಾಕು ತಾಲೂಕಿನ ಮಂದೀ ಮಾರಿ ತಗದಾಂವ. ಇವಂದ ಇಲ್ಲಂದ್ರ ನಗ್ತಾರ ಮಂದಿ. ನಿಮ್ಮ ನಿಮ್ಮ ಮೊಬೈಲ್ ನೋಡ್ರಲೇ."

ಎಲ್ಲರೂ ನೋಡಿದರು. ಜೋಳದ ಚೀಲಗಳ ಮೇಲೆ, ಕಟ್ಟೆಯ ಮೇಲೆ, ಶಾಮಿಯಾನದ ಕುರ್ಚಿಗಳಲ್ಲಿ ಕುಳಿತವರು ತಲೆ ಬಗ್ಗಿಸಿ ಬೆರಳಾಡಿಸಿದರು. ಮನೆ ಪ್ರವೇಶ, ಸೀಮಂತ, ಜವಳ. ಪ್ರತಿಯೊಂದರಲ್ಲೂ ಎಲ್ಲರೂ ಇದ್ದರು. ಅವನಿರಲಿಲ್ಲ. ಎಲ್ಲದರಲ್ಲೂ ಕ್ಯಾಮೆರಾದ ಈಚೆ ಅವನೇ ಇದ್ದ.

"ಇದ್ರಾಗ ಅದಾನ ನೋಡ್ರಿ!" ಎಂದು ಒಬ್ಬಾಕೆ ಕೂಗಿದಳು. ನಾಲ್ಕು ಜನ ಬಾಗಿ ನೋಡಿದರು.

"ಎಲ್ಲದಾನವಾ? ಇದು ಅವನ ಹೆಬ್ಬೆಟ್ಟು."

"ಹೆಬ್ಬೆಟ್ಟರ ಅವಂದ ಹೌದಿಲ್ಲೋ?"

ಯಾರೋ ನಕ್ಕರು, ಸಾವಿನ ಮನೆಯೆಂಬುದು ನೆನಪಾಗಿ ಸೆರಗು ಬಾಯಿಗಿಟ್ಟುಕೊಂಡರು.

ಮದುವೆಯ ಫೋಟೋಗಳಿದ್ದವು. ಮಠದ ಸಾಮೂಹಿಕ ಮದುವೆ ಅದು, ನಲವತ್ತು ಜೋಡಿ. ಬಾಸಿಂಗ ಕಟ್ಟಿದ್ದ ಅವನ ಮುಖ ಒಂದೊಂದರಲ್ಲೂ ಜೋಳದ ಕಾಳಿನಷ್ಟು. ಆಲ್ಬಂ ಮಾಡಿಸೋಣ ಎನ್ನುತ್ತಲೇ ಮೂರು ವರ್ಷ ಕಳೆದಿತ್ತು.

ಉಳವಪ್ಪ ವಸೀಮನ ಹೆಗಲ ಮೇಲೆ ಕೈಯಿಟ್ಟರು. ದನಿ ಇಳಿಸಿದರು. "ಈಗ ಒಂದು ಹೊಡಿ ಅಲಾ? ಹೆಂಗೂ ಕುಂತಾನ. ಕಣ್ಣು ಕಂಪ್ಯೂಟರಿನ್ಯಾಗ ತೆರಸ್ತಾರಂತ."

"ತೆರಸ್ತಾರ್ರಿ ಕಾಕಾ. ಬ್ಯಾರೇದವರ ಕಣ್ಣು ಕತ್ತರಿಸಿ ತಂದು ಇಡ್ತಾರ."

"ಇಡು ಮತ್ತ."

"ಬ್ಯಾಡ," ಅಂದಳು ತನುಜಾ.

ಬೆಳಗಿನಿಂದ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಎಲ್ಲರೂ ಅವಳತ್ತ ತಿರುಗಿದರು. ಅವಳು ಅತ್ತಿರಲಿಲ್ಲ. ಅಳು ಬರುತ್ತಿಲ್ಲವೆಂಬುದು ಅವಳಿಗೂ ಗೊತ್ತಿತ್ತು. ಎದುರಿಗೆ ಕುಳಿತವನ ಮುಖವನ್ನು ಎಷ್ಟು ನೋಡಿದರೂ ಕಣ್ಣು ಮುಚ್ಚಿದ ಕೂಡಲೇ ಕಾಣುವುದು ಆ ಹದಿನೆಂಟು ಕೆಬಿಯ ಮುಖವೇ.

ಅತ್ತೆ ಮಹಾದೇವಕ್ಕ ಏಳು ತಿಂಗಳ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೂಲೆಯಲ್ಲಿದ್ದರು. "ನನಗ ಬ್ಯಾಡ ನಿಮ್ಮ ಫ್ಲೆಕ್ಸು," ಅಂದರು. "ನಾ ಹಡದಾಕಿ, ನನಗ ಫೋಟೋ ಯಾಕ? ಈ ಕೂಸು ನಾಳೆ ಅಪ್ಪ ಎಲ್ಲದಾನ ಅಂದ್ರ ಏನು ತೋರಸ್ಲಿ? ಇಟ್ಟಂಗಿ ತೋರಸ್ಲೇನು?"

*

ಸವಣೂರು ಬಸ್ ನಿಲ್ದಾಣದ ಎದುರು ಪ್ರಶಾಂತನ ಅಂಗಡಿ. ಹೆಸರಿಗೆ ಫೋಟೋ ಸ್ಟುಡಿಯೊ, ಬರುವವರೆಲ್ಲ ಅರ್ಜಿಯವರು. ಹಾನಗಲ್ಲಿನಿಂದ, ಶಿಗ್ಗಾವಿಯಿಂದ, ಹಿರೇಕೆರೂರಿನಿಂದ ಬಂದು ಹಾಸ್ಟೆಲಿನಲ್ಲಿ ಓದುವ ಹುಡುಗಿಯರು, ಪಿಂಚಣಿಯ ಮುದುಕರು, ನಾಲ್ಕನೆಯ ಸಲ ಪೊಲೀಸ್ ಪರೀಕ್ಷೆ ಕಟ್ಟುವ ಹುಡುಗರು. ಭಾವಚಿತ್ರ ಐವತ್ತು ಕೆಬಿಯೊಳಗೆ ಇರಬೇಕು, ಸಹಿ ಇಪ್ಪತ್ತರೊಳಗೆ. ಒಂದು ಕೆಬಿ ಹೆಚ್ಚಾದರೂ ಅರ್ಜಿಯ ಪುಟ ಕೆಂಪಕ್ಷರ ತೋರಿಸಿ ಹಿಂದೆ ತಳ್ಳುತ್ತಿತ್ತು.

ಹಿರೇಬೆಂಡಿಗೇರಿಯ ಅನ್ನವ್ವ ಒಂದು ದಿನ ಕೈಯಲ್ಲಿ ಮಡಿಚಿದ ಅರ್ಜಿ ಹಿಡಿದು ಬಂದಿದ್ದಳು. ಮಗ ಕನಕಪ್ಪ ಟ್ರ್ಯಾಕ್ಟರಿನಡಿ ಸಿಕ್ಕು ಹನ್ನೊಂದು ದಿನವಾಗಿತ್ತು. ಅರ್ಜಿಯ ಮೂಲೆಯಲ್ಲಿ ಅವನ ಮುಖ ಹೆಬ್ಬೆರಳಿನ ಉಗುರಿನಷ್ಟಿತ್ತು.

"ಇದನ್ನ ದೊಡ್ಡದು ಮಾಡಿ ಕೊಡಪಾ. ನೀನ ತಗದಿದ್ದಂತ."

ಹೌದು, ತೆಗೆದವನು ಅವನೇ. ಸಣ್ಣದು ಮಾಡಿ ಕಳಿಸಿದ ಮೇಲೆ ದೊಡ್ಡದನ್ನು ಅಳಿಸಿಹಾಕಿದ್ದ. ಆಗೆಲ್ಲ ಹಾಗೇ ಮಾಡುತ್ತಿದ್ದ. ಎರಡು ದಿನ ಕೂತು ಏನೇನೋ ಮಾಡಿದ. ಹಿಗ್ಗಿಸಿದಷ್ಟೂ ಕನಕಪ್ಪ ಚೌಕ ಚೌಕವಾಗಿ ಒಡೆದ. ಕೊನೆಗೆ ಹಾಗೇ ಅಚ್ಚು ಹಾಕಿ ಚೌಕಟ್ಟು ಹಾಕಿಸಿ ಕೊಟ್ಟ. ಮುದುಕಿ ತಕರಾರು ಮಾಡಲಿಲ್ಲ. ತಿಂಗಳ ಮೇಲೆ ಸಂತೆಗೆ ಬಂದವಳು ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದಳು:

"ದೂರ ನಿಂತು ನೋಡಿದ್ರ ಮಗಾ ಕಾಣ್ತಾನಪಾ. ಹತ್ರ ಹ್ವಾದ್ರ ಹೋಗೇ ಬಿಡ್ತಾನ."

ಆ ವಾರವೇ ಅವನು ಹುಬ್ಬಳ್ಳಿಗೆ ಹೋಗಿ ಅಂಗೈಯಗಲದ ಹಾರ್ಡ್ ಡಿಸ್ಕ್ ಒಂದನ್ನು ಕೊಂಡುತಂದ. ಅಂದಿನಿಂದ ಯಾರದೇ ಫೋಟೋ ತೆಗೆದರೂ ಸಣ್ಣದು ಅರ್ಜಿಗೆ, ಅಸಲು ಡಿಸ್ಕಿಗೆ. ಅದರೊಳಗೆ ಊರಿಗೊಂದು ಫೋಲ್ಡರು, ಅವನ ಮಾತಿನಲ್ಲಿ ಕಪಾಟು. ತೆಗೆಸಿಕೊಂಡವರಿಗೇ ಇದು ಗೊತ್ತಿರಲಿಲ್ಲ.

ಮರುವರ್ಷ ಶಿಗ್ಗಾವಿಯಿಂದ ಒಬ್ಬಳು ಬಿ.ಎಡ್. ಅರ್ಜಿಗೆಂದು ಬಂದಳು. ಧಾರವಾಡದಲ್ಲಿ ಎಂ.ಎ. ಮುಗಿಸಿದ್ದಳು. ಫೋಟೋ ಮೊಬೈಲಿನಲ್ಲೇ ಇದೆ, ಬರೀ ಸಣ್ಣದು ಮಾಡಿಕೊಡಿ ಅಂದಳು.

"ಇದು ಬ್ಯಾಡ್ರಿ," ಅಂದ ಅವನು. "ಹಿಂದ ಗಿಡಾ ಅದಾವ, ಎಲಿ ಅದಾವ. ಐವತ್ತು ಕೆಬಿಯೊಳಗ ಎಲಿ ಎಲ್ಲಾ ಜಾಗಾ ತಿಂತಾವ, ನಿಮಗ ಏನೂ ಉಳಿಯೂದಿಲ್ಲ. ಕುಂದರ್ರಿ."

ಸ್ಟೂಲಿನ ಹಿಂದೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಇಳಿಬಿಟ್ಟಿದ್ದ. ಬರೀ ಬಿಳುಪಿಗೆ ಜಾಗವೇ ಬೇಕಾಗುವುದಿಲ್ಲ. ಇದ್ದುದೆಲ್ಲ ಮುಖಕ್ಕೆ ಸಿಗುತ್ತದೆ ಎಂದು ವಿವರಿಸಿದ. ಸ್ಟೂಲು ಬಾಗಿಲಿಗೆ ಎದುರಾಗಿತ್ತು. ಬಾಗಿಲ ಚೌಕಟ್ಟಿನಲ್ಲಿ ಕ್ಯಾಮೆರಾದ ಸ್ಟ್ಯಾಂಡು. ಅದರ ಪಕ್ಕಕ್ಕೆ ನಿಂತು, ಬಲಗೈ ಗುಂಡಿಯ ಮೇಲಿಟ್ಟು, ಎಡಗೈ ಕಿವಿಯ ಮಟ್ಟಕ್ಕೆ ಎತ್ತಿದ.

"ಇಲ್ಲಿ ನೋಡ್ರಿ, ನನ್ನ ಕೈ. ಗದ್ದ ತುಸು ಕೆಳಗ. ಹಾಂ. ಕಣ್ಣು ಪಿಳುಕಸಬ್ಯಾಡ್ರಿ."

ಆಮೇಲೆ ಪರದೆಯ ಮೇಲೆ ಅವಳನ್ನು ಕುಗ್ಗಿಸುತ್ತ ಹೋದ. ನಾಲ್ಕು ಸಾವಿರ, ಎಂಟುನೂರು, ನೂರಿಪ್ಪತ್ತು, ಅರವತ್ತು. ಒಂದೊಂದು ಹೆಜ್ಜೆಗೂ ನಿಂತು ಅವಳ ಕಣ್ಣನ್ನೇ ನೋಡುತ್ತಿದ್ದ. ಅವಳಿಗೆ ಸಿಟ್ಟು ಬಂತು.

"ಏನ್ರಿ ಹಂಗ ನೋಡಾಕತ್ತೀರಿ?"

"ಚುಕ್ಕಿರಿ," ಅಂದ ಗಾಬರಿಯಾಗಿ. "ಕಣ್ಣಾಗ ಒಂದು ಬಿಳೀ ಚುಕ್ಕಿ ಇರತೈತಿ ನೋಡ್ರಿ, ಬೆಳಕಿಂದು. ಅಂಗಿ ಬಣ್ಣಾ ಹ್ವಾದ್ರ ಹೋಗ್ಲಿ, ಕಿವಿ ಮಬ್ಬಾದ್ರ ಆಗ್ಲಿ. ಅದು ಹೋಗಬಾರದು. ಅದು ಹೋತಂದ್ರ ಮನಶ್ಯಾ ಹ್ವಾದಂಗ."

ನಲವತ್ತೆಂಟಕ್ಕೆ ನಿಲ್ಲಿಸಿದ. ಚುಕ್ಕೆ ಉಳಿದಿತ್ತು.

*

ಹನ್ನೊಂದೂವರೆಗೆ ಅನ್ನವ್ವ ಬಂದಳು. ಶಿಗ್ಗಾವಿಯ ಬಸ್ಸಿಳಿದು ನಡೆದೇ ಬಂದಿದ್ದಳು. ಪ್ರಶಾಂತನ ಪಾದಕ್ಕೆ ಹಣೆ ಹಚ್ಚಿ, ತನುಜಾಳ ಪಕ್ಕ ಕುಳಿತು, ಮಹಾದೇವಕ್ಕನ ತೊಡೆಯಿಂದ ಕೂಸನ್ನು ಎತ್ತಿಕೊಂಡಳು.

"ಫೋಟೋ ಸಿಗವಲ್ದಂತ?" ಎಂದು ಕೇಳಿದಳು.

"ಹೂಂ."

"ಎಲ್ಲಾರ್ದೂ ಐತೆಲ್ಲ ಅವನ ಹಂತ್ಯಾಕ."

"ಎಲ್ಲಾರ್ದೂ ಐತಿ," ಅಂದಳು ತನುಜಾ. "ನಮ್ಮವಷ್ಟ ಇಲ್ಲ."

ಆಗ ಗೂಡಿನಲ್ಲಿಟ್ಟಿದ್ದ ಪ್ರಶಾಂತನ ಮೊಬೈಲು ಬಡಿದುಕೊಂಡಿತು. ತನುಜಾ ಎದ್ದು ಎತ್ತಿಕೊಂಡಳು.

"ಪ್ರಶಾಂತಣ್ಣ, ನಾನ್ರಿ, ಸವಿತಾ. ಹಾಸ್ಟೆಲ್‌ನಾಕಿ. ಹಿರೇಕೆರೂರಿಗೆ ಊರಿಗೆ ಬಂದೇನಿ," ಹುಡುಗಿಯ ದನಿ ಉಸಿರು ಬಿಡದೆ ಓಡುತ್ತಿತ್ತು. "ಮೊನ್ನೆ ನೀವು ಕಳಸಿದ್ದ ಫೋಟೋ ಡಿಲೀಟ್ ಆತ್ರಿ. ನಾನ ಒಂದು ಸಣ್ಣು ಮಾಡಿದೆ, ಮಾರೀನ ತಿಳಿಯವಲ್ದು, ತಗೊಳ್ಳವಲ್ದು. ನರ್ಸಿಂಗ್ ಅರ್ಜಿರಿ. ಇವತ್ತ ಲಾಸ್ಟ್, ಐದು ಗಂಟೇಕ ಮುಚ್ಚತೈತಿ. ಐವತ್ತು ಕೆಬಿ ಒಳಗ ಮಾಡಿ ಕಳಸ್ತೀರೇನಣ್ಣ?"

ತನುಜಾ ಗೋಡೆಗೊರಗಿ ಕುಳಿತವನನ್ನು ನೋಡಿದಳು.

"ಅವರು ಸ್ವಲ್ಪ... ಇಲ್ಲೇ ಅದಾರ," ಅಂದಳು. "ನಾ ಅವರ ಮನಿಯಾಕಿ. ಕಳಸ್ತೇನಿ."

ಉಳವಪ್ಪನಿಗೆ ತಡೆಯಲಾಗಲಿಲ್ಲ. "ಯವ್ವಾ, ಇವತ್ತೇನಿದು? ಯಾವಾಕೀನೋ ಏನೋ. ಮಂದಿ ಏನಂದಾರು?"

"ಅಂಗಡೀಗೆ ಹೋಗಿ ಲ್ಯಾಪ್‌ಟಾಪು, ಡಿಸ್ಕು ತಗೊಂಡು ಬರ್ರಿ," ಎಂದು ಅವಳು ವಸೀಮನಿಗೆ ಹೇಳಿದಳು. ಆಸ್ಪತ್ರೆಯಿಂದ ಮಡಿಚಿ ಕೊಟ್ಟಿದ್ದ ಪ್ರಶಾಂತನ ಅಂಗಿಯ ಜೇಬಿನಿಂದ ಬೀಗದ ಕೈ ತೆಗೆದುಕೊಟ್ಟಳು. ವಸೀಮ ಹೊರಟ.

*

ಯುಗಾದಿಯ ಹಿಂದಿನ ವಾರ ಡಿಸ್ಕು ತುಂಬಿತ್ತು. ಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಪ್ರಶಾಂತ ಎಳೆಬಿಸಿಲಿನಲ್ಲಿ ಕುಳಿತಿದ್ದ.

"ಇನ್ನ ಒಂದು ಫೋಟೋಕ್ಕೂ ಜಾಗಾ ಇಲ್ಲ," ಅಂದ. "ಮನೀವು ಬಾಳ ಜಾಗಾ ಹಿಡದಾವ. ಮದುವೀವು, ಸೀಮಂತದ್ದು. ಸಣ್ಣು ಮಾಡಿಬಿಡ್ಲೇನು?"

"ಮಂದೀವು ಮಾಡ್ರಿ."

"ಮಂದೀವು ಹೆಂಗ ಮಾಡ್ಲಿ? ಯಾರಿಗೆ ಯಾವಾಗ ಬೇಕಾಗತೈತಿ ಏನು ಗೊತ್ತು?" ತೊಡೆಯ ಮೇಲಿನ ಮಗಳ ಕೈ ಹಿಡಿದು ಆಡಿಸುತ್ತಿದ್ದ. "ನಾವು ಇಲ್ಲೇ ಅದೇವಲ್ಲ. ಖರೇ ಸೈಜಿನ್ಯಾಗ."

ಅವಳು ಒಗ್ಗರಣೆಗೆ ಹೋಗುವ ಗಡಿಬಿಡಿಯಲ್ಲಿದ್ದಳು. ಮಾಡ್ರಿ ಅಂದಳು.

*

ಒಂದು ಗಂಟೆಗೆ ವಸೀಮ ಮರಳಿದ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ತನುಜಾ ಲ್ಯಾಪ್‌ಟಾಪು ತೆರೆದಳು. ಕೂಸನ್ನು ಹೆಗಲಿಗೆ ಹಾಕಿಕೊಂಡು ಅನ್ನವ್ವ ಬಾಗಿಲಲ್ಲಿ ನಿಂತಳು. ಹೊರಗೆ ಭಜನೆಯವರು ತಾಳ ಹೊಂದಿಸಿಕೊಳ್ಳುತ್ತಿದ್ದರು.

ಕಪಾಟುಗಳು ಊರ ಹೆಸರಿನಲ್ಲಿದ್ದವು. ತಡಸ, ಹತ್ತಿಮತ್ತೂರು, ಹಿರೇಬೆಂಡಿಗೇರಿ, ಅವಳು ಕೇಳಿಯೇ ಇರದ ಎಷ್ಟೋ ಹಳ್ಳಿಗಳು. ಕೆಳಗೆ ಒಟ್ಟು ಸಂಖ್ಯೆ ತೋರಿಸುತ್ತಿತ್ತು: ಹದಿನಾಲ್ಕು ಸಾವಿರದ ಆರುನೂರಾ ಎರಡು. ಹಿರೇಕೆರೂರಿನದನ್ನು ತೆರೆದು ಸವಿತಾಳನ್ನು ಹುಡುಕಿದಳು. ಎರಡು ಜಡೆಯ, ಮೊಡವೆ ಮುಖದ ಹುಡುಗಿ. ಹಿಂದೆ ಬಿಳಿ ಬಟ್ಟೆ.

ಕೆಲಸ ಅವಳಿಗೆ ಗೊತ್ತಿತ್ತು. ಅಂಚು ಕತ್ತರಿಸಬೇಕು. ಕತ್ತರಿಸುವ ಮುಂಚೆ ಅವನಂತೆಯೇ ಚುಕ್ಕೆಯನ್ನು ನೋಡಿಕೊಳ್ಳಬೇಕು. ಅವಳು ಹುಡುಗಿಯ ಬಲಗಣ್ಣನ್ನು ಹಿಗ್ಗಿಸಿದಳು. ಒಡೆಯಲಿಲ್ಲ. ಇನ್ನೂ ಹಿಗ್ಗಿಸಿದಳು. ರೆಪ್ಪೆಯ ಕೂದಲು ಒಂದೊಂದಾಗಿ ಬಿಡಿಬಿಡಿಯಾದವು. ಕಂದು ಪಾಪೆಯ ಮೇಲೆ ಬಿಳಿ ಚುಕ್ಕೆ. ಅದು ಚುಕ್ಕೆಯಾಗಿರಲಿಲ್ಲ. ನಾಲ್ಕು ಮೂಲೆ ಇದ್ದವು. ಬಾಗಿಲು ಅದು. ಅಂಗಡಿಯ ಬಾಗಿಲು, ಅದರ ತುಂಬ ಬೀದಿಯ ಬೆಳಕು. ಬೆಳಕಿನ ನಡುವೆ ಮೂರು ಕಾಲಿನ ಸ್ಟ್ಯಾಂಡು. ಅದರ ಪಕ್ಕದಲ್ಲಿ, ಎಡಗೈ ಕಿವಿಯ ಮಟ್ಟಕ್ಕೆ ಎತ್ತಿಕೊಂಡು, ಒಬ್ಬ ನಿಂತಿದ್ದ.

ಅವಳ ಬೆರಳು ನಿಂತಿತು.

ಆಮೇಲೆ ಬೇರೊಂದು ಕಪಾಟು ತೆರೆದಳು. ತಡಸದ ಒಬ್ಬ ಮುದುಕ, ಪಿಂಚಣಿಗೆ ತೆಗೆಸಿದ್ದು. ಹಿಗ್ಗಿಸಿದಳು. ಹಾಲುಗಟ್ಟಿದ ಕಣ್ಣಿನಲ್ಲಿಯೂ ಆ ಬಾಗಿಲಿತ್ತು, ಆ ಕೈಯಿತ್ತು. ಹಾನಗಲ್ಲಿನ ಒಬ್ಬ ಹುಡುಗ, ಖಾಕಿಯ ಆಸೆಯಲ್ಲಿ ಕತ್ತು ಉಬ್ಬಿಸಿಕೊಂಡವನು. ಅವನ ಕಣ್ಣಿನಲ್ಲಿ ಸಂಜೆಯ ಕೆಂಪು ಬಾಗಿಲು, ಅದೇ ಕೈ. ಬುರ್ಖಾದ ಮುಸುಕು ಸರಿಸಿ ಕುಳಿತ ಒಬ್ಬ ಹೆಂಗಸು. ಮಳೆಗಾಲದ್ದಿರಬೇಕು, ಅವನ ಹಿಂದೆ ಯಾರದೋ ಕೊಡೆ. ತೆರೆದಷ್ಟೂ ಇದ್ದ. ಯಾರೂ ಅವನ ಫೋಟೋ ತೆಗೆದಿರಲಿಲ್ಲ. ಎಲ್ಲರೂ ಕಣ್ಣು ಪಿಳುಕಿಸದೆ ಕುಳಿತು ಅವನನ್ನು ತೆಗೆದುಕೊಂಡು ಹೋಗಿದ್ದರು.

"ಏನು ನೋಡಾಕತ್ತೀಯವ್ವಾ?" ಎಂದು ಅನ್ನವ್ವ ಒಳಗೆ ಬಂದಳು.

ತನುಜಾ ಹಿರೇಬೆಂಡಿಗೇರಿಯ ಕಪಾಟು ತೆರೆದಳು. ಪಿಂಚಣಿಯ ಅರ್ಜಿಗೆ ತೆಗೆಸಿದ್ದ ಅನ್ನವ್ವನ ಮುಖ ಪರದೆ ತುಂಬಿತು, ಆಮೇಲೆ ಕಣ್ಣು, ಆಮೇಲೆ ಬಾಗಿಲು. ಮುದುಕಿ ಬಾಗಿದಳು, ಹಿಂದೆ ಸರಿದಳು, ಮತ್ತೆ ಬಾಗಿದಳು.

"ನನ್ನ ಕಣ್ಣಾಗೇನ?"

"ಹೂಂ."

ಅನ್ನವ್ವ ಎಡಗೈಯಿಂದ ತನ್ನ ರೆಪ್ಪೆಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡಳು, ಒಳಗೆ ಏನಾದರೂ ಇದೆಯೋ ಎಂಬಂತೆ. "ಅಯ್ಯ ಶಿವನ," ಅಂದಳು.

ಕೊನೆಗೆ ತನುಜಾ ಶಿಗ್ಗಾವಿಯದನ್ನು ತೆರೆದಳು. ಇರಲಾರದು ಅಂದುಕೊಂಡಿದ್ದಳು. ಇತ್ತು. ಮನೆಯದೆಲ್ಲ ಸಣ್ಣದು ಮಾಡಿದವನು ಇದನ್ನು ಮುಟ್ಟಿರಲಿಲ್ಲ. ಇದರಲ್ಲಿ ಅವಳು ಗಿರಾಕಿಯಾಗಿದ್ದಳು. ನಾಲ್ಕು ವರ್ಷದ ಹಿಂದಿನ ತನ್ನದೇ ಕಣ್ಣನ್ನು ಹಿಗ್ಗಿಸಿದಳು. ಬಾಗಿಲಲ್ಲಿ ಅವನು ನಿಂತಿದ್ದ. ಅಂದು ಅವನು ಉಳಿದವರ ಕಣ್ಣುಗಳಲ್ಲಿ ನಿಂತಿದ್ದುದಕ್ಕಿಂತ ಒಂದು ಹೆಜ್ಜೆ ಮುಂದೆ ಬಂದು ನಿಂತಿದ್ದ.

ಆಗ ಅವಳಿಗೆ ಅಳು ಬಂತು.

"ಆ ಹುಡುಗೀದು ಮಾಡವ್ವಾ," ಅಂದಳು ಅನ್ನವ್ವ ಸ್ವಲ್ಪ ಹೊತ್ತಿನ ಮೇಲೆ. "ಹೊತ್ತಾಕ್ಕತಿ."

ಕಣ್ಣೊರೆಸಿಕೊಂಡು ಅವಳು ಸವಿತಾಳನ್ನು ಕುಗ್ಗಿಸತೊಡಗಿದಳು. ಎಂಟುನೂರಕ್ಕೆ ಕಣ್ಣೊಳಗಿನ ಅವನ ಬೆರಳು ಮಾಯವಾಯಿತು. ನೂರಕ್ಕೆ ಕೈ ಹೋಯಿತು, ಸ್ಟ್ಯಾಂಡು ಹೋಯಿತು. ಅರವತ್ತಕ್ಕೆ ಬಾಗಿಲಿನ ಮೂಲೆಗಳು ಹೋದವು. ನಲವತ್ತೆಂಟಕ್ಕೆ ನಿಲ್ಲಿಸಿ, ಉಸಿರು ಹಿಡಿದು ನೋಡಿದಳು. ಹುಡುಗಿಯ ಎರಡೂ ಕಣ್ಣುಗಳಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ. ಕಳಿಸಿದಳು.

ಎರಡು ನಿಮಿಷಕ್ಕೆ ಉತ್ತರ ಬಂತು: "ತಗೊಂತ್ರಿ ಅಕ್ಕಾ!!! ಅಣ್ಣಗ ಥ್ಯಾಂಕ್ಸ್ ಹೇಳ್ರಿ."

ಅವಳು ವಸೀಮನನ್ನು ಒಳಗೆ ಕರೆದಳು. ತನ್ನ ಕಣ್ಣಿನಿಂದ ಬಾಗಿಲನ್ನಷ್ಟೇ ಕತ್ತರಿಸಿ ತೋರಿಸಿದಳು. ವಸೀಮ ನೋಡಿದ. ಗೆಳೆಯನ ಪಕ್ಕದಲ್ಲಿ ಹನ್ನೆರಡು ವರ್ಷ ಅಂಗಡಿ ಇಟ್ಟವನು.

"ಇದು ಹನ್ನೆರಡು ಕೆಬಿನೂ ಇಲ್ಲ ಭಾಬಿ," ಅಂದ. "ಮಾರಿ ಇಲ್ಲ, ಬರೇ ನೆರಳು. ದೊಡ್ಡದು ಮಾಡಿದ್ರ ಒಡೀತೈತಿ."

"ಒಡೀಲಿ. ದೂರ ನಿಂತು ನೋಡ್ತಾರ."

ಅನ್ನವ್ವ ತಲೆಯಾಡಿಸಿದಳು.

"ಅಂಗಡ್ಯಾಗ ತಮ್ಮ ಶಾಹಬಾಜ ಅದಾನ, ಅವಗ ಕಳಸ್ರಿ," ಅಂದ ವಸೀಮ. "ಡಾಕ್ಯುಮೆಂಟ್ ಮಾಡಿ ಕಳಸ್ರಿ ಮತ್ತ. ಫೋಟೋ ಅಂತ ಕಳಸಿದ್ರ ವಾಟ್ಸಾಪು ಇನ್ನೂ ಸಣ್ಣು ಮಾಡ್ತೈತಿ." ಹೇಳಿ ಮುಗಿಸಿ ಮುಖ ತಿರುಗಿಸಿಕೊಂಡ. ಅದು ಪ್ರಶಾಂತ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು.

*

ನಾಲ್ಕಕ್ಕೆ ಎತ್ತಿದರು. ಬಾಳೆಕಂಬ, ಚೆಂಡುಹೂವು ಕಟ್ಟಿದ ಮಂಟಪದಂಥ ವಿಮಾನದಲ್ಲಿ ಕುಳಿತು ಪ್ರಶಾಂತ ಹೊಲದ ಕಡೆ ಹೊರಟ. ಮುಂದೆ ಟ್ರ್ಯಾಕ್ಟರು. ಅದರ ಮೂತಿಗೆ ಶಾಹಬಾಜ ತಂದ ಫ್ಲೆಕ್ಸು ಕಟ್ಟಿತ್ತು. ಬರೀ ಬೆಳಕು, ಬೆಳಕಿನಲ್ಲಿ ಕಪ್ಪು ಚೌಕಗಳ ಒಂದು ಗುಂಪು. ಕೆಳಗೆ ಹೆಸರು.

"ಏನಿದು?" ಎಂದು ಉಳವಪ್ಪ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ್ದರು. "ಇದ್ರಾಗ ಎಲ್ಲದಾನ ನಮ್ಮ ಹುಡುಗ?"

"ಹಿಂದಕ ಬರ್ರಿ ಕಾಕಾ," ಎಂದು ವಸೀಮ ಅವರ ತೋಳು ಹಿಡಿದು ಇಪ್ಪತ್ತು ಹೆಜ್ಜೆ ಹಿಂದಕ್ಕೆ ಕರೆದುಕೊಂಡು ಹೋಗಿದ್ದ. ಅಲ್ಲಿಂದ ಅವರಿಗೆ ಎತ್ತಿದ ಕೈ ಕಂಡಿತ್ತು.

ಈಗ ಬೀದಿಯ ಎರಡೂ ಬದಿಗೆ ಜನ ನಿಂತಿದ್ದರು. ತಡಸದವರು, ಹಾನಗಲ್ಲಿನ ಕಡೆಯವರು, ಹಾಸ್ಟೆಲಿನ ಹುಡುಗಿಯರು. ಸುದ್ದಿ ಕೇಳಿ ಬಂದವರು. ತನುಜಾ ಕೂಸನ್ನು ಎತ್ತಿಕೊಂಡು ಟ್ರ್ಯಾಕ್ಟರಿನ ಪಕ್ಕದಲ್ಲಿ ನಡೆಯುತ್ತಿದ್ದಳು. ಫ್ಲೆಕ್ಸು ಇನ್ನೂ ದೂರವಿರುವಾಗ ಜನ ಹುಬ್ಬುಗಂಟಿಕ್ಕಿ ಅದನ್ನು ನೋಡುತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ಗಳಿಗೆಗೆ ಅವನು ಕಾಣಿಸುತ್ತಿದ್ದ. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ತಲೆಯ ಮೇಲಿನ ಸೆರಗು ಸರಿಯಾಯಿತು. ಒಬ್ಬ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಎತ್ತಿದ ಆ ಕೈಯ ಎದುರು ಬೀದಿಯುದ್ದಕ್ಕೂ ಜನ ಬೆನ್ನು ನೆಟ್ಟಗೆ ಮಾಡಿ, ಗದ್ದವನ್ನು ತುಸು ಕೆಳಗೆ ಇಳಿಸಿ, ಕಣ್ಣು ಪಿಳುಕಿಸದೆ ನಿಂತರು.